ಮಾವನ ಫ್ಯೂಸ್ ಪರೀಕ್ಷೆ

ನನ್ನ ಸೋದರಮಾವ ದೇವರನ್ನು ನಂಬುತ್ತಾನೆ, ಪಂಚಾಂಗವನ್ನು ನಂಬುತ್ತಾನೆ, ಬೆಕ್ಕು ಅಡ್ಡ ಬಂದರೆ ಕಾರು ನಿಲ್ಲಿಸುತ್ತಾನೆ. ಡಬ್ಬಿಯ ಮೇಲೆ ಅಚ್ಚಾದ ಅಂಕಿಯನ್ನು ಮಾತ್ರ ಜಪ್ಪಯ್ಯ ಎಂದರೂ ನಂಬುವವನಲ್ಲ! ಶಿರಸಿಯ ಕಾರು ಸ್ಟೀರಿಯೋ ಅಂಗಡಿಯವರು ಅವನನ್ನು ಕಂಡರೆ ಊಟದ ಹೊತ್ತಾಯಿತೆಂದು ಶಟರ್ ಎಳೆಯುತ್ತಾರೆ, ಬೆಳಿಗ್ಗೆ ಹತ್ತು ಗಂಟೆಗೆ.

ಇದೆಲ್ಲ ಶುರುವಾದದ್ದು ಅತ್ತೆಯ ಕಿವಿಯಿಂದ. ಅವಳಿಗೆ ಕೇಳಿಸುವುದು ವರ್ಷ ವರ್ಷಕ್ಕೆ ಕಡಿಮೆಯಾಗುತ್ತ ಬಂದಿತ್ತು. ಅವಳ ಅಪ್ಪ ತಾಳಮದ್ದಳೆಗಳಲ್ಲಿ ಮದ್ದಳೆ ನುಡಿಸುತ್ತಿದ್ದವರು. ಅವರು ಹೋದ ಮೇಲೆ ಉಳಿದದ್ದು ಒಂದೇ ಧ್ವನಿಮುದ್ರಣ. ಅರಬೈಲ್ ಘಟ್ಟದ ಕೆಳಗಿನ ತವರಿಗೆ ಹೊರಟಾಗಲೆಲ್ಲ ಕಾರಿನಲ್ಲಿ ಅದನ್ನು ಹಾಕುವುದು ಇಬ್ಬರ ರೂಢಿ. ಈಗ ಎಷ್ಟು ಏರಿಸಿದರೂ ಹಳೆಯ ಸ್ಟೀರಿಯೋ ಕರಕರ ಎನ್ನುತ್ತಿತ್ತೇ ಹೊರತು ಅತ್ತೆಗೆ ಮದ್ದಳೆ ಕೇಳುತ್ತಿರಲಿಲ್ಲ. ಕಿವಿ ಪೂರ್ತಿ ಹೋಗುವ ಮೊದಲು ಅಪ್ಪನ ಮದ್ದಳೆಯನ್ನು ಒಮ್ಮೆ ಸ್ಪಷ್ಟವಾಗಿ ಕೇಳಿಸಬೇಕು ಎಂದು ಮಾವ ಹಟ ತೊಟ್ಟ. ಅದಕ್ಕೊಂದು ಆಂಪ್ಲಿಫೈಯರ್ ಬೇಕಾಯಿತು.

"ಸಾವಿರ ವ್ಯಾಟ್ ಐತ್ರಿ, ಡಬ್ಬಿ ಮ್ಯಾಲೆ ಬರದಾರ ನೋಡ್ರಿ," ಎಂದ ಹಾವೇರಿ ಕಡೆಯ ಅಂಗಡಿಯವನು.

ಮಾವ ಡಬ್ಬಿ ನೋಡಲೇ ಇಲ್ಲ. ಆಂಪ್ಲಿಫೈಯರಿನ ಫ್ಯೂಸ್ ಕಿತ್ತು ಕನ್ನಡಕದ ಹತ್ತಿರ ಹಿಡಿದ. ಹದಿನೈದು ಆಂಪಿಯರ್. ಬ್ಯಾಟರಿ ಹನ್ನೆರಡು ವೋಲ್ಟ್. ಗುಣಿಸಿದ. "ನೂರೆಂಬತ್ತು ಒಳಗೆ ಹೋಗಿ ಸಾವಿರ ಹೊರಗೆ ಬತ್ತಾ? ಇದೆಂತ ಕಾಮಧೇನುವನಾ?"

ಆಮೇಲೆ ನನ್ನತ್ತ ತಿರುಗಿ ಪಾಠ ಹೇಳಿದ. "ತಮಾ, ಒಂದು ಕ್ಷಣ ಹಾರಿದ್ದು ಪೀಕು. ನಿಲ್ಲದೇ ನಡೆಯೋದು ಆರ್‌ಎಮ್‌ಎಸ್ಸು. ಡಬ್ಬಿ ಮೇಲೆ ಯಾವಾಗಲೂ ಹಾರಿದ್ದನ್ನೇ ಬರೀತ."

ಈ ಜ್ಞಾನ ಅಂಗಡಿಯಲ್ಲೇ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು! ನನ್ನ ತಂಗಿಗೆ ಗಂಡು ನೋಡಲು ಬಿಳಗಿಗೆ ಹೋಗಿದ್ದೆವು. "ನಮ್ಮ ಮಾಣಿ ಮೂರು ಜನರ ಕೆಲಸ ಒಬ್ಬನೇ ಮಾಡ್ತಾ," ಎಂದರು ಹುಡುಗನ ಅಪ್ಪ. ಮಾವ ಕಾಫಿ ಲೋಟ ಕೆಳಗಿಟ್ಟ. "ಇದು ಪೀಕಾ, ಆರ್‌ಎಮ್‌ಎಸ್ಸಾ? ದಿನಾ ಎಷ್ಟು ಮಾಡ್ತಾ, ಅದು ಹೇಳಿ." ಹುಡುಗನೇ ಮೆಲ್ಲಗೆ ಬಾಯಿಬಿಟ್ಟ. "ದಿನಾ ಆದ್ರೆ ಅರ್ಧ ಆಳಿನಷ್ಟು."

"ಈ ಮಾಣಿ ಅಡ್ಡಿಲ್ಲೆ. ಅಂಕಿ ಸತ್ಯ ಇದ್ದು," ಎಂದ ಮಾವ. ಮದುವೆ ನಿಶ್ಚಯವಾಯಿತು!

ಆದರೆ ಸತ್ಯ ಹೇಳುವ ಆಂಪ್ಲಿಫೈಯರ್ ಸಿಗಲು ವರ್ಷ ಹಿಡಿಯಿತು. ಕೊನೆಗೆ ಯಲ್ಲಾಪುರದಲ್ಲಿ, ಆರ್‌ಎಮ್‌ಎಸ್ ಅರವತ್ತು ಎಂದು ಸಣ್ಣ ಅಕ್ಷರದಲ್ಲಿ ಬರೆದುಕೊಂಡ ಒಂದು ಬಡಪಾಯಿ ಪೆಟ್ಟಿಗೆ ದೊರೆಯಿತು. ಫ್ಯೂಸಿನ ಲೆಕ್ಕಕ್ಕೂ ಅದು ಹೊಂದಿತು. ಜೋಡಿಸಿದ ದಿನವೇ ಮೂವರೂ ಹೊರಟೆವು, ನಾನು ಹಿಂದಿನ ಸೀಟಿನಲ್ಲಿ.

ಅರಬೈಲ್ ಘಟ್ಟದ ತಿರುವಿನಲ್ಲಿ ಮಾವ ಮದ್ದಳೆ ಹಾಕಿದ. ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿತು. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಇತ್ತ ತಿರುಗಿ ಕೇಳಿದಳು.

"ಹಾಕಿದ್ರಾ?"

ಮಾವ ಇನ್ನಷ್ಟು ಏರಿಸಿದ. ರಸ್ತೆ ಬದಿಯ ಮಂಗಗಳು ಮರ ಹತ್ತಿದವು. ಅತ್ತೆ ಅವನ ಮುಖವನ್ನೇ ನೋಡುತ್ತಿದ್ದಳು. ನನಗೆ ಮಾವನ ಮೇಲೆ ಸಿಟ್ಟು ಬಂತು. ಆ ಸುಳ್ಳು ಸಾವಿರ ವ್ಯಾಟನ್ನೇ ವರ್ಷದ ಹಿಂದೆ, ಕಿವಿ ಇನ್ನೂ ಸ್ವಲ್ಪ ಉಳಿದಿದ್ದಾಗ ತಂದಿದ್ದರೆ ಅವಳು ಒಮ್ಮೆಯಾದರೂ ಕೇಳುತ್ತಿದ್ದಳಲ್ಲ!

ಮಾವ ಕಾರನ್ನು ಬದಿಗೆ ನಿಲ್ಲಿಸಿದ. ಅವನಿಗೂ ಅದೇ ಹೊಳೆದಿರಬೇಕು, ಕಣ್ಣು ತುಂಬಿತ್ತು. ಮದ್ದಳೆಯನ್ನು ಮೊದಲಿನಿಂದ ಹಾಕಿ, ಅತ್ತೆಯ ಅಂಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ತಾನು ಕೇಳಿದ ಪೆಟ್ಟನ್ನೆಲ್ಲ ಎರಡು ಬೆರಳಿನಿಂದ ಅದರ ಮೇಲೆ ಬಾರಿಸುತ್ತ ಹೋದ. ಅತ್ತೆ ಕಣ್ಣು ಮುಚ್ಚಿಕೊಂಡಳು.

ಸ್ವಲ್ಪ ಹೊತ್ತಿಗೆ ಅವಳು ಕೈ ಎಳೆದುಕೊಂಡಳು. "ತಪ್ಪಿತು. ಅಪ್ಪಯ್ಯ ಇಲ್ಲಿ ಎರಡು ಪೆಟ್ಟು ಹಾಕ್ತಿದ್ದ, ನಿಂಗ ಒಂದೇ ಹಾಕಿದ್ರಿ."

ಮೂರು ತಾಲೂಕಿನ ಅಂಗಡಿಯವರ ಜೊತೆ ವಾದಕ್ಕಿಳಿದವನು ಅವಳ ಲೆಕ್ಕಕ್ಕೆ ತಲೆಯಾಡಿಸಿದ. ಅವಳ ಕೈ ಹಿಡಿದುಕೊಂಡು ಮತ್ತೆ ಮೊದಲಿನಿಂದ ಹಾಕಿದ.