ಸಮುದ್ರಕ್ಕೊಂದು ಪ್ಲೀಟು

ಕೋಪದಲ್ಲಿ ನಮ್ಮ ಟೈಲರನನ್ನು ಮೀರಿಸಿದವನು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವನ ಹತ್ತಿರ ಅಳತೆ ಕೊಡಲು ಬಂದು, ಬೈಸಿಕೊಂಡು, ಎರಡಿಂಚು ಸಣ್ಣಗಾಗಿ ಹೊರಟುಹೋಗಿರುತ್ತಾನೆ. ಅಂಥವನ ಮೂಗಿನ ಮೇಲೆ ಆ ದಿನ ಬೆಳಿಗ್ಗೆ ಏಳು ಗಂಟೆಗೆ ಒಂದು ನೊಣ ಕೂತಿತು. ಅಷ್ಟೇ ನೋಡಿ.

ಮೂರು ಸಲ ಓಡಿಸಿದ. ನಾಲ್ಕನೆಯ ಸಲ ಅದು ಮುಂದಿನ ಕೋಣೆಯ ಗೋಡೆಯ ಮೇಲೆ ಕೂತು, ‘ಈಗೇನ್ಮಾಡ್ತೀಯೋ’ ಎನ್ನುವಂತೆ ಕೈ ಉಜ್ಜಿಕೊಂಡಿತು. ಟೈಲರ್ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನೇ ಬೀಸಿದ. ಆ ಸದ್ದಿಗೆ ಎರಡು ಬೀದಿಯಾಚೆ ಬಸ್ಸು ಬ್ರೇಕು ಹಾಕಿತಂತೆ. ನೊಣ ಕಿಟಕಿಯಿಂದ ಆರಾಮಾಗಿ ಹೊರಟುಹೋಯಿತು. ಗೋಡೆಯ ಗಾರೆ ಮಾತ್ರ ಊಟದ ತಟ್ಟೆಯಗಲಕ್ಕೆ ಕಳಚಿ ಬಿದ್ದು, ಒಳಗಿನ ಇಟ್ಟಿಗೆ ಹಲ್ಲು ಕಿರಿಯಿತು.

ಎಂಟು ಗಂಟೆಗೆ ಫೋನು. ಮನೆಯ ಓನರಮ್ಮ.

“ಟೈಲರೇ, ಸಂಜೆ ಐದಕ್ಕೆ ಬರ್ತೀನಿ. ಗೋಡೆ ಗೀಡೆ ಎಲ್ಲಾ ಒಂದ್ಸಲ ನೋಡ್ಬೇಕು. ನೀವು ಮುಂದಿನ ವರ್ಷವೂ ಇರೋ ವಿಚಾರ ಇವತ್ತು ತೀರ್ಮಾನ ಮಾಡಿಬಿಡ್ತೀನಿ.”

ಟೈಲರ್ ಫೋನು ಇಟ್ಟು ಗೋಡೆಯ ತೂತನ್ನು ನೋಡಿದ. ಓನರಮ್ಮನ ಗೋಡೆಗೆ ಮೊಳೆ ಹೊಡೆಯುವುದೂ ಒಂದೇ, ಅವರ ಹಣೆಗೆ ಹೊಡೆಯುವುದೂ ಒಂದೇ. ಕ್ಯಾಲೆಂಡರಿಗೆಂದು ಒಂದು ಮೊಳೆ ಹೊಡೆದ ಹಿಂದಿನ ಬಾಡಿಗೆಯವನು ವಾರದೊಳಗೆ ಗಂಟುಮೂಟೆ ಕಟ್ಟಿದ್ದ. ಟೈಲರನಿಗೋ ಮುಂದಿನ ಕೋಣೆಯೇ ಅಂಗಡಿ, ಹಿಂದಿನ ಎರಡು ಕೋಣೆಯೇ ಸಂಸಾರ. ಹನ್ನೆರಡು ವರ್ಷ ಬೈದು ಬೈದು ಕೂಡಿಸಿಕೊಂಡ ಗಿರಾಕಿಗಳು ಈ ಬೀದಿ ಬಿಟ್ಟರೆ ಇನ್ನೊಂದು ಬೀದಿಗೆ ಬರುವವರಲ್ಲ.

“ಗಾರೆಯವನನ್ನ ಕರೆಸೋಣ್ವಾ ರೀ?” ಎಂದಳು ಹೆಂಡತಿ.

“ಕರೆಸು! ಹಸಿ ಗಾರೆ ನೋಡಿ ಓನರಮ್ಮ ಆರತಿ ಎತ್ತುತ್ತಾಳೆ!”

“ನನ್ನ ಮೇಲೆ ಯಾಕೆ ಕೂಗ್ತೀರಿ? ನೊಣದ ಮೇಲೆ ಕೂಗಿದ್ರೆ ಸಾಕಾಗಿತ್ತು, ಗೋಡೆ ಉಳೀತಿತ್ತು. ಹೋಗ್ಲಿ, ಅಲ್ಲಿ ಮೇಲುಗಡೆ ಮನೆ ಜೊತೇಲೇ ಬಂದ ಕೊಕ್ಕೆ ಇದ್ಯಲ್ಲ, ಅದಕ್ಕೊಂದು ಚಿತ್ರ ನೇತುಹಾಕಿ. ಮಧ್ಯಾಹ್ನಕ್ಕೇ ಮನೆಗೆ ತಂದುಕೊಡ್ತಾರಂತೆ, ಫೋನಲ್ಲಿ ನೋಡಿ.”

ಟೈಲರ್ ಫೋನು ತೆಗೆದ. ‘ಮನೆಗೆ ಚಿತ್ರ’ ಎಂದು ಒತ್ತಿದ್ದೇ ತಡ, ಮೂರು ಲಕ್ಷ ಚಿತ್ರಗಳು ಅವನ ಅಂಗೈಗೆ ಸುರಿದವು. ಓಡುವ ಕುದುರೆಗಳು, ಓಡಿ ಸುಸ್ತಾದ ಕುದುರೆಗಳು, ಅಳುವ ಹೆಂಗಸು, ಹಣ್ಣಿನ ಬುಟ್ಟಿ, ಯಾರೋ ಬಣ್ಣದ ಡಬ್ಬಿ ಎಡವಿ ಬಿದ್ದಂಥ ಇನ್ನೊಂದಷ್ಟು. ಪ್ರತಿ ಚಿತ್ರವನ್ನೂ ಒಂದು ಸೋಫಾದ ಮೇಲೆ ತೂಗುಹಾಕಿ ತೋರಿಸಿದ್ದರು.

“ಇವರ ಸೋಫಾ ನಮ್ಮ ಮನೆಗಿಂತ ದೊಡ್ಡದಿದೆ! ಚಿತ್ರ ಮಾರ್ತಾರೋ, ಹೊಟ್ಟೆ ಉರಿಸ್ತಾರೋ?” ಎಂದು ಗುಡುಗಿ, ‘ಕಡಿಮೆ ಬೆಲೆಯದು ಮೊದಲು’ ಎಂಬ ಗುಂಡಿಯನ್ನು ಗಾಜು ಒಡೆಯುವಂತೆ ಒತ್ತಿದ. ಮೊದಲು ಬಂದದ್ದು ಹಸ್ತದಗಲದ ಒಂದು ಬೆಕ್ಕು. ತೂತಿನೊಳಗೆ ಅದನ್ನು ಕೂರಿಸಬಹುದಿತ್ತು, ಮುಚ್ಚಲು ಆಗುತ್ತಿರಲಿಲ್ಲ.

ಆ ಗುಡುಗು ಕೇಳಿ ಮಹಡಿಯಿಂದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಇಳಿದರು, ಅದೇ ಕಟ್ಟಡದ ಪಕ್ಕದ ಮನೆಯಿಂದ ನರ್ಸಮ್ಮ ಬಂದರು. ಸಂಕಟ ತಿಳಿದ ಕೂಡಲೇ ಇಬ್ಬರೂ ಫೋನಿಗೆ ಮುಖ ತೂರಿಸಿದರು.

“ಕೆಂಪು ಬೇಡ ಟೈಲರಣ್ಣ, ದಿನವಿಡೀ ಅದನ್ನೇ ನೋಡ್ತೀನಿ,” ಎಂದರು ನರ್ಸಮ್ಮ. “ಹಸಿರು ತಗೊಳ್ಳಿ. ನಿಮ್ಮ ಬೀಪೀಗೂ ಒಳ್ಳೇದು.”

“ಹಸಿರೂ ಇಲ್ಲ, ಕೆಂಪೂ ಇಲ್ಲ,” ಎಂದರು ಮೇಷ್ಟ್ರು. “ಇಲ್ನೋಡಿ, ಈ ಕರೀ ಚೌಕ. ಇದರಲ್ಲಿ ಮನುಷ್ಯನ ಒಳಗಿನ ಶೂನ್ಯ ಇದೆ.”

“ಶೂನ್ಯ ಗೋಡೇಲೇ ಇದೆ ಮೇಷ್ಟ್ರೇ! ಅದನ್ನ ಮುಚ್ಚೋಕೆ ತಾನೆ ಒದ್ದಾಡ್ತಿರೋದು!”

ಒಂದು ಗಂಟೆ ಕಳೆಯಿತು. ಹೆಂಡತಿಗೆ ಪರದೆಯ ಬಣ್ಣಕ್ಕೆ ಹೊಂದಬೇಕು, ಮೇಷ್ಟ್ರಿಗೆ ಕಲೆ ಇರಬೇಕು, ನರ್ಸಮ್ಮನಿಗೆ ನಾಡಿ ಇಳಿಯಬೇಕು. ಟೈಲರನ ಕಿವಿಯಿಂದ ಬರುತ್ತಿದ್ದ ಹಬೆಗೆ ನಾಲ್ಕು ಪ್ಯಾಂಟು ಇಸ್ತ್ರಿಯಾದವು ಎಂದರೆ ನೀವು ನಂಬುವುದಿಲ್ಲ, ನಾಲ್ಕಲ್ಲ, ಮೂರು. ಕೊನೆಗೆ ಒಂದು ಸಮುದ್ರ ಸಿಕ್ಕಿತು. ಎಡದಂಚಿನಲ್ಲಿ ಮುಳುಗುವ ಸೂರ್ಯ, ಬಲದಂಚಿನಲ್ಲಿ ಒಂದು ದೋಣಿ, ನಡುವೆ ಬರೀ ನೀರು. ಚೌಕಟ್ಟಿಲ್ಲದ ಬಟ್ಟೆ, ಮೇಲೊಂದು ಕೆಳಗೊಂದು ಮರದ ಕೋಲು. ಅಗ್ಗ. ಮೂರು ಗಂಟೆಗೆ ಮನೆಬಾಗಿಲಿಗೆ. ಕೆಳಗೆ, ‘ಈಗ ಹದಿನಾಲ್ಕು ಮಂದಿ ಇದನ್ನೇ ನೋಡುತ್ತಿದ್ದಾರೆ’ ಎಂದು ಬರೆದಿತ್ತು.

“ಅವರ ಗೋಡೇನೂ ಬಿದ್ದಿದ್ಯಾ?” ಎಂದು ಹಲ್ಲು ಕಡಿದು, ಟೈಲರ್ ಕೊರಳಿನ ಟೇಪು ಎಳೆದು ಗೋಡೆ ಅಳೆದ. ಕಿಟಕಿಗೂ ಬಾಗಿಲಿಗೂ ನಡುವೆ ಸರಿಯಾಗಿ ಮೂವತ್ತಾರು ಇಂಚು. ಆದರೆ ಮೂವತ್ತು ವರ್ಷದಲ್ಲಿ ಅವನು ಅಳತೆಗೆ ಸರಿಯಾಗಿ ಒಂದು ಕರವಸ್ತ್ರವನ್ನೂ ಕತ್ತರಿಸಿದವನಲ್ಲ. ಹೊಲಿಗೆಗೆಂದು ಆ ಕಡೆ ಎರಡು, ಈ ಕಡೆ ಎರಡು ಇಂಚು ಒಳಗೆ ಬಿಡಲೇಬೇಕು. ಬೆರಳು ತಾನಾಗಿಯೇ ‘ನಲವತ್ತು’ ಒತ್ತಿತು.

ಸಮುದ್ರ ಬಂದದ್ದು ಮೂರೂ ನಲವತ್ತಕ್ಕೆ. ಕೊಕ್ಕೆಗೆ ಹಾಕಿ ಎಡಕ್ಕೆ ಸರಿಸಿದರೆ ಕಿಟಕಿ ಮುಚ್ಚದು, ಬಲಕ್ಕೆ ಸರಿಸಿದರೆ ಬಾಗಿಲು ತೆರೆಯದು. ಹೊರಗೆ ಸಿಕ್ಕಿಕೊಂಡ ನರ್ಸಮ್ಮ ಬಾಗಿಲು ದಬ್ಬಿದಾಗಲೆಲ್ಲ ದೋಣಿ ಕುಲುಕುತ್ತಿತ್ತು.

“ನಾಲ್ಕಿಂಚು ಜಾಸ್ತಿ!” ಟೈಲರ್ ಕತ್ತರಿ ಎತ್ತಿದ. “ಬಲಗಡೆ ಹಾರಿಸಿಬಿಡ್ತೀನಿ!”

“ದೋಣಿ ಅರ್ಧ ಆಗತ್ತೆ ರೀ! ಒಳಗೆ ಜನ ಕೂತಿದಾರೆ!” ಎಂದಳು ಹೆಂಡತಿ.

“ಹಾಗಾದ್ರೆ ಎಡಗಡೆ!”

ಮೇಷ್ಟ್ರು ಸೂರ್ಯನ ಮುಂದೆ ಎರಡೂ ಕೈ ಚಾಚಿ ನಿಂತರು. “ಮೊದಲು ನನ್ನನ್ನ ಕತ್ತರಿಸಿ, ಆಮೇಲೆ ಸೂರ್ಯ.”

ಟೈಲರ್ ಆ ಸಲಹೆಯನ್ನು ಒಂದು ಕ್ಷಣ ಗಂಭೀರವಾಗಿಯೇ ಪರಿಶೀಲಿಸಿದ. ಆಮೇಲೆ ಚಿತ್ರವನ್ನು ಕೊಕ್ಕೆಯಿಂದ ಕಿತ್ತು, ಕೋಲುಗಳನ್ನು ಎಳೆದು ಹಾಕಿ, ಮೊಣಕಾಲಿಗೆ ಬಡಿದು ನಾಲ್ಕು ನಾಲ್ಕಿಂಚು ಮುರಿದ. ಸೊಂಟ ಸಡಿಲವಾದ ಪ್ಯಾಂಟಿಗೆ ಏನು ಮಾಡುತ್ತಾರೋ ಅದನ್ನೇ ಮಾಡಿದ. ಸಮುದ್ರವನ್ನು ನಡುವಿನಲ್ಲಿ ಹಿಡಿದು, ಮಡಿಸಿ, ಮಿಷನ್ನಿಗೆ ಕೊಟ್ಟು, ಮೇಲಿನಿಂದ ಕೆಳಗಿನವರೆಗೆ ಒಂದು ಪ್ಲೀಟು ಹೊಲಿದ. ಜಗತ್ತಿನಲ್ಲಿ ಸಮುದ್ರದ ಸೊಂಟ ಹಿಡಿದು ಹೊಲಿದ ಮೊದಲ ಟೈಲರ್ ಅವನೇ. ಬೇರೆ ಯಾರಾದರೂ ಇದ್ದರೆ ನಾನು ಬರೆಯುವುದನ್ನೇ ಬಿಡುತ್ತೇನೆ.

ತೂಗುಹಾಕಿದಾಗ ಮೂವತ್ತಾರಕ್ಕೆ ಮೂವತ್ತಾರು. ತೂತಿನ ಸುಳಿವೇ ಇಲ್ಲ. ಕಿಟಕಿಯ ಬೆಳಕು ಬಿದ್ದು ಪ್ಲೀಟು ಉಬ್ಬಿ ನಿಂತಿತು, ಈಗ ಮುರಿಯುತ್ತೇನೆ ಎನ್ನುವ ಅಲೆಯ ಹಾಗೆ. ಮೇಷ್ಟ್ರು ಹತ್ತಿರ ಹೋಗಿ ಪ್ಲೀಟಿನ ಮೇಲೆ ಬೆರಳಾಡಿಸಿದರು.

“ಟೈಲರೇ... ನಲವತ್ತು ವರ್ಷ ಪಾಠ ಮಾಡಿದೆ. ಒಂದು ಅಲೆ ನನ್ನ ಕೈಲಿ ಹೀಗೆ ಎದ್ದಿರಲಿಲ್ಲ.”

ಐದಕ್ಕೆ ಓನರಮ್ಮ ಬಂದರು. ಹಿಂದಿನ ಎರಡೂ ಕೋಣೆಗಳ ಗೋಡೆಗಳನ್ನು ಬೆರಳಿನಿಂದ ತಟ್ಟಿ, ಕಿವಿಯಿಟ್ಟು ಆಲಿಸಿದರು. ಮುಂದಿನ ಕೋಣೆಗೆ ಬಂದು ಚಿತ್ರದ ಮುಂದೆ ನಿಂತುಬಿಟ್ಟರು.

“ಎಷ್ಟು ಚೆನ್ನಾಗಿದೆ ಟೈಲರೇ! ಗೋಡೆಗಳೂ ಅಷ್ಟೇ, ಹೊಸದರ ಹಾಗೆ ಇಟ್ಕೊಂಡಿದೀರಿ. ಒಂದು ಗೀಟೂ ಇಲ್ಲ.”

ಟೈಲರ್ ನಕ್ಕ. ಮೂರು ವರ್ಷದಲ್ಲಿ ಮೊದಲ ಸಲ.

“ನನ್ನ ಹೊಟ್ಟೆ ತಣ್ಣಗಾಯ್ತು ನೋಡಿ,” ಎಂದರು ಓನರಮ್ಮ. “ನನ್ನ ಅಕ್ಕನ ಮಗ ಹಲ್ಲಿನ ಡಾಕ್ಟರು. ಆಸ್ಪತ್ರೆ ಇಡೋಕೆ ಈ ಮನೆ ಕೊಡಿ ಚಿಕ್ಕಮ್ಮಾ ಅಂತ ಪ್ರಾಣ ತಿಂತಿದಾನೆ. ಗೋಡೆ ಉದುರ್ತಿದ್ರೆ ನಿನಗೆ ಬೇಡಪ್ಪ, ಟೈಲರೇ ಇರ್ಲಿ, ಗಟ್ಟಿಯಾಗಿದ್ರೆ ಕೊಡ್ತೀನಿ ಅಂದಿದ್ದೆ. ಬರೋ ತಿಂಗಳು ಒಂದನೇ ತಾರೀಕು ಬಿಟ್ಟುಕೊಡಿ.”

ಕೋಣೆಯಲ್ಲಿ ಸೂಜಿ ಬಿದ್ದರೆ ಕೇಳಿಸುವಂತಿತ್ತು. ಟೈಲರ್ ಬಾಯಲ್ಲಿ ಕಚ್ಚಿಕೊಂಡಿದ್ದ ಮೂರು ಬಿದ್ದವು.

ಹಾರಿ ಹೋಗಿ ಚಿತ್ರವನ್ನು ಕಿತ್ತ. “ಉದುರ್ತಿದೆ ಅಮ್ಮ! ಚೆನ್ನಾಗಿ ಉದುರ್ತಿದೆ! ನೋಡಿ!”

ಓನರಮ್ಮ ತೂತು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು. “ಅಯ್ಯಯ್ಯೋ! ತಾನಾಗೇ ಬಿತ್ತಾ?”

“ತಾನಾಗೇ! ಮುಟ್ಟಲೇ ಇಲ್ಲ! ನಿಂತಿದ್ದ ಹಾಗೇ ಬಿತ್ತು!”

“ಹಾಗಾದ್ರೆ ಇದು ಮನುಷ್ಯರು ಇರೋ ಮನೆಯೇ ಅಲ್ಲ. ನಾಳೆ ನಿಮ್ಮ ತಲೆ ಮೇಲೆ ಬಿದ್ರೆ ಏನ್ಗತಿ? ಇಡೀ ಕಟ್ಟಡ ಕೆಡವಿಸಿಬಿಡ್ತೀನಿ. ಎಲ್ಲರೂ ಖಾಲಿ ಮಾಡಿ!”

‘ಎಲ್ಲರೂ’ ಎಂದದ್ದೇ ತಡ, ಮಹಡಿಯ ಮೇಷ್ಟ್ರಿಗೆ ಕಾಲಿನ ಕೆಳಗೆ ಕೆಂಡ ಬಿದ್ದಂತಾಯಿತು.

“ಇಲ್ಲಮ್ಮ! ಗೋಡೆ ಬಂಡೆ ಹಾಗಿದೆ! ನೊಣ ಹೊಡೆಯೋಕೆ ಇಸ್ತ್ರಿಪೆಟ್ಟಿಗೇಲಿ ಇವರೇ ಬಾರಿಸಿದ್ದು. ನನ್ನ ಮಂಚ ಅಲ್ಲಾಡ್ತು!”

“ನಮ್ಮನೇಲಿ ಕಾಫಿ ಚೆಲ್ತು,” ಎಂದು ನರ್ಸಮ್ಮ ಸಾಕ್ಷಿ ನುಡಿದರು. “ಬೀಪೀ ಇರೋ ಮನುಷ್ಯ ಅಮ್ಮ, ಮನಸ್ಸಿಗೆ ಹಚ್ಕೋಬೇಡಿ.”

ಹೆಂಡತಿ ತಲೆಯ ಮೇಲೆ ಕೈಹೊತ್ತು ಕೂತಳು. ಟೈಲರ್ ಇಬ್ಬರನ್ನೂ ನೋಡಿದ ನೋಟಕ್ಕೆ ಬಟ್ಟೆಗೆ ಬೆಂಕಿ ಹತ್ತಬೇಕಿತ್ತು.

ಓನರಮ್ಮ ಗೋಡೆಯನ್ನು ಮತ್ತೊಮ್ಮೆ ತಟ್ಟಿ, ಸಮಾಧಾನದ ಉಸಿರು ಬಿಟ್ಟರು. “ಅಬ್ಬಾ, ಗಟ್ಟಿಯಾಗೇ ಇದೆ. ಸರಿ, ಒಂದನೇ ತಾರೀಕು ಅಕ್ಕನ ಮಗ ಬರ್ತಾನೆ. ಅಷ್ಟರೊಳಗೆ ಇದಕ್ಕೆ ಗಾರೆ ಹಾಕಿಸಿ ಸುಣ್ಣ ಬಳಿಸಿಬಿಡಿ, ನಿಮ್ಮ ಖರ್ಚಲ್ಲಿ.”

ಬಾಗಿಲ ತನಕ ಹೋದವರು ತಿರುಗಿ ಬಂದರು. ಟೈಲರನ ಕೈಯಲ್ಲಿ ಜೋತಾಡುತ್ತಿದ್ದ ಸಮುದ್ರದ ಮೇಲೆ ಅವರ ಕಣ್ಣಿತ್ತು.

“ಹೇಗೂ ಬಿಟ್ಟು ಹೋಗ್ತೀರಿ, ಈ ಚಿತ್ರ ನನ್ನ ಲೆಕ್ಕಕ್ಕೆ ಕೊಟ್ಟುಬಿಡಿ ಟೈಲರೇ. ಆದ್ರೆ ನಮ್ಮನೆ ಗೋಡೆ ಇನ್ನೂ ಸ್ವಲ್ಪ ಸಣ್ಣದು. ಸೊಂಟದಲ್ಲಿ ಇನ್ನೆರಡು ಇಂಚು ಹಿಡಿದು ಕೊಡ್ತೀರಾ?”

ಟೈಲರನ ಮುಖ ಕಪ್ಪಾಯಿತು, ಕೆಂಪಾಯಿತು, ನೀಲಿಯಾಯಿತು. ಅಂಥ ಬಣ್ಣ ಆ ಮೂರು ಲಕ್ಷ ಚಿತ್ರಗಳಲ್ಲೂ ಇರಲಿಲ್ಲ. ಅವನು ಬಾಯಿ ತೆರೆದಾಗ ಮೇಷ್ಟ್ರು ಮೆಟ್ಟಿಲ ಹಿಂದೆ, ನರ್ಸಮ್ಮ ಪರದೆಯ ಹಿಂದೆ ಅವಿತರು.

“ಶನಿವಾರ ಬನ್ನಿ!” ಎಂದು ಗರ್ಜಿಸಿದ ಟೈಲರ್, “ಅದಕ್ಕೆ ಮುಂಚೆ ಕೊಡೋಕಾಗಲ್ಲ!”