ದೇಶದ ಉತಾರ

ನಮ್ಮ ಮೊಮ್ಮಗಳು ತಲಾಟಿಯಾದಳು! ಮೇಲವಂಕಿಯಲ್ಲಿ ಗ್ರಾಮಲೆಕ್ಕಿಗರ ಕಚೇರಿ, ಕೈಯಲ್ಲಿ ಸರಕಾರದ ಮುದ್ರೆಯ ಶಿಕ್ಕೆ, ಮೇಜಿನ ಮೇಲೆ ಊರ ಹೊಲಗಳ ದಫ್ತರ. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟ ನಾನು ಆದೇಶದ ಕಾಗದವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ನಾಲ್ಕು ಸಲ ಓದಿದೆ. ಬೆಲ್ಲದ ಬಾಗೇವಾಡಿಯಲ್ಲಿ ಸಕ್ಕರೆ ಕೊಡದೆ ಒಂದು ಓಣಿಯನ್ನೂ ಬಿಡಲಿಲ್ಲ. ನಮ್ಮೊಡನೆ ಮಾತು ಬಿಟ್ಟವರ ಮನೆಗೂ ಹೋದೆ. ಅವರು ನನ್ನ ಮುಖವನ್ನು ಸಂಶಯದಿಂದ ನೋಡುತ್ತಲೇ ಬಾಯಿಗೆ ಹಾಕಿಕೊಂಡರು.

ಸಕ್ಕರೆ ಮುಟ್ಟದವರು ಊರಲ್ಲಿ ಒಬ್ಬರೇ, ಮತ್ತು ಅವರಿರುವುದು ನಮ್ಮ ಮನೆಯಲ್ಲೇ! ನಮ್ಮ ಯಜಮಾನರ ಅಣ್ಣ, ನನ್ನ ಭಾವ. ಇಂಗ್ಲಿಷರು ಈ ದೇಶ ಬಿಟ್ಟು ಹೋದದ್ದನ್ನು ಇನ್ನೂ ನಂಬದ ಮನುಷ್ಯ ಭೂಮಿಯ ಮೇಲೆ ಯಾರಾದರೂ ಉಳಿದಿದ್ದರೆ ಅವರೊಬ್ಬರೇ.

ನಗಬೇಡಿ. ಅವರ ವಾದ ಕೇಳಿದರೆ ವಕೀಲರೂ ತಲೆ ಕೆರೆದುಕೊಳ್ಳುತ್ತಾರೆ. ಹೊಲ ಯಾರದೆಂದು ತೋರಿಸುವ ಸರಕಾರಿ ಕಾಗದಕ್ಕೆ ನಮ್ಮ ಕಡೆ ಉತಾರ ಎನ್ನುತ್ತೇವೆ. ನೀವು ಹೊಲ ಕೊಂಡಿರಬಹುದು, ಉತ್ತಿರಬಹುದು, ಬಾವಿಯನ್ನೇ ತೋಡಿಸಿರಬಹುದು. ಉತಾರದಲ್ಲಿ ನಿಮ್ಮ ಹೆಸರು ಏರಿಲ್ಲವೋ, ಮಾರಿದವನ ಮಗ ಇಪ್ಪತ್ತು ವರ್ಷದ ಮೇಲೂ ಎತ್ತು ಹೊಡೆದುಕೊಂಡು ಬಂದು ನಿಲ್ಲುತ್ತಾನೆ. ಒಂದು ಎಕರೆಗೇ ಹೀಗಿದ್ದರೆ ಇಷ್ಟು ದೊಡ್ಡ ದೇಶದ ಗತಿಯೇನು ಎಂಬುದು ಭಾವನ ಪ್ರಶ್ನೆ.

"ಕೊಟ್ಟು ಹೋದ್ರು, ಕೊಟ್ಟು ಹೋದ್ರು ಅಂತ ಎಲ್ಲಾರೂ ಹೇಳ್ತೀರಿ. ಉತಾರದಾಗ ಹೆಸರ ಬದಲಾಗಿದ್ದು ಯಾರರ ನೋಡೀರೇನು? ಕಬಜೆ ಬಿಟ್ಟಿದ್ದಕ್ಕ ಪಾವತಿ ಎಲ್ಲೈತಿ?"

ಯಾರ ಹತ್ತಿರ ಇದೆ ಹೇಳಿ, ಆ ಪಾವತಿ ಚೀಟಿ? ಯಜಮಾನರು ಒಮ್ಮೆ ಧ್ವಜ ಏರಿಸಿದ್ದನ್ನು ನೆನಪಿಸಲು ಹೋದರು. ಬದುವಿನ ಮೇಲೆ ಕಂಬ ನೆಟ್ಟ ಮಾತ್ರಕ್ಕೆ ಹೊಲ ತನ್ನದಾಗುವುದಾದರೆ ತಾನು ನಾಳೆಯೇ ಧಾರವಾಡದವರೆಗೆ ಕಂಬ ನೆಡುತ್ತೇನೆ ಎಂದು ಭಾವ ಎದ್ದುಹೋದರು.

ನನ್ನ ತವರು ಮೂಡಲಗಿ. ಅಲ್ಲಿಗೆ ಎಲ್ಲರೂ ಹೊರಟಾಗ ಒಂದು ಸಲ ಗೋಕಾಕ ಫಾಲ್ಸ್ ನೋಡಲು ಇಳಿದೆವು. ನಾವು ನೀರು ನೋಡಿದರೆ ಭಾವ ಇಂಗ್ಲಿಷರ ಕಾಲದ ತೂಗುಸೇತುವೆಯ ಕಬ್ಬಿಣ ನೋಡಿದರು. ಅದರ ತಂತಿಹಗ್ಗವನ್ನು ಬಡಿದು ಬಡಿದು ಸದ್ದು ಕೇಳಿದರು. ಬಿಟ್ಟು ಹೋಗುವವರು ಯಾರಾದರೂ ಇಷ್ಟು ಗಟ್ಟಿ ಕಟ್ಟುತ್ತಾರೆಯೇ? ಧೂಪದಾಳದ ಒಡ್ಡೂ ಅಷ್ಟೇ, ಇದು ತಿರುಗಿ ಬರುವವರ ಕೆಲಸ! ಅಷ್ಟರಲ್ಲಿ ಬಿಳಿಯ ಗಂಡ ಹೆಂಡತಿ ಇಬ್ಬರು ಫೋಟೋ ತೆಗೆಯುತ್ತ ಬಂದರು. ಗಂಡ ಸೇತುವೆಯ ಮೇಲೆ ಹೆಜ್ಜೆ ಎಣಿಸುತ್ತ ನಡೆದ. ಭಾವ ಹತ್ತು ಮಾರು ಹಿಂದೆ ತಾವೂ ಎಣಿಸುತ್ತ ನಡೆದರು. ಹೊಲ ಅಳೆಯುವ ಮೋಜಣಿಯೇ ನಡೆದಿದೆ ಎಂಬುದರಲ್ಲಿ ಅವರಿಗೆ ಅನುಮಾನವೇ ಉಳಿಯಲಿಲ್ಲ. ಅಲ್ಲಿದ್ದ ಒಬ್ಬ ಮಾಸ್ತರರನ್ನು ಹಿಡಿದು ಕೇಳಿಸಿದಾಗ, ಆ ಗಂಡ ಹೆಂಡತಿ ಇಂಗ್ಲೆಂಡಿನವರಲ್ಲ, ಜರ್ಮನಿಯವರು ಎಂದು ತಿಳಿಯಿತು. ಭಾವ ಬಹಳ ಹೊತ್ತು ತಲೆದೂಗಿ ಒಂದೇ ಮಾತು ಹೇಳಿದರು.

"ಬೇನಾಮಿ."

ಜನಗಣತಿಯವರು ಬಂದಾಗಲೂ ಇದೇ ಕಥೆ. ಸಂತೆಯಲ್ಲಿ ದನ ಎಣಿಸುವವನು ದನದ ಮಾಲೀಕ. ಹಾಗಾದರೆ ನಮ್ಮನ್ನು ಎಣಿಸಲು ಹಚ್ಚಿದವರು ಯಾರು? ಬಂದ ಪುಣ್ಯಾತ್ಮನಿಗೆ ಮೂರು ಕಪ್ ಚಹಾ ಸಿಕ್ಕಿತು, ಒಂದು ತಲೆಯ ಲೆಕ್ಕವೂ ಸಿಗಲಿಲ್ಲ. ಕೊನೆಗೆ ನಾನೇ ಹಿತ್ತಲ ಬಾಗಿಲಿಗೆ ಕರೆದು ಮನೆಮಂದಿಯ ಹೆಸರು ಬರೆಸಿದೆ. ಉತಾರ ಕಂಪ್ಯೂಟರಿನಿಂದ ಬರತೊಡಗಿದ ಮೇಲಂತೂ ಅವರ ನಿದ್ದೆಯೇ ಹಾರಿತು. ಮೊದಲು ಬರೆಯುವವನ ಕೈಯನ್ನಾದರೂ ನೋಡಬಹುದಿತ್ತು, ಈಗ ಲಂಡನ್ನಿನಲ್ಲಿ ಕೂತು ಗುಂಡಿ ಒತ್ತಿದರೆ ಯಾರಿಗೆ ಗೊತ್ತಾಗಬೇಕು?

ಇಂಥವರ ಮನೆಯಲ್ಲಿ ಹುಡುಗಿ ತಲಾಟಿಯಾದಳು! ಅವಳಾದರೂ ಬೆಳೆದದ್ದು ಅವರ ಹೆಗಲ ಮೇಲೆಯೇ. ಹೆಂಡತಿ ತೀರಿಹೋಗಿ, ಮಕ್ಕಳಿಲ್ಲದ ಭಾವ ಅವಳನ್ನು ಸೈಕಲ್ಲಿನ ಮೇಲೆ ಶಾಲೆಗೆ ಬಿಟ್ಟು ಬಂದವರು. ಆದೇಶ ಬಂದ ದಿನ ಅವರು ಕಾಗದದ ಮೇಲಿನ ಶಿಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿ ಅವಳ ಕೈಗೆ ತಿರುಗಿ ಕೊಟ್ಟರು.

"ಇಂಗ್ಲಿಷರ ಖುರ್ಚಿ ಮನೀತನಕಾ ಬಂತು. ಸರಕಾರದವರ ಪಂಕ್ತ್ಯಾಗ ನಾ ಉಣ್ಣೂದಿಲ್ಲ."

ಅಂದಿನಿಂದ ಅವರ ತಾಟು ಹೊರಗಿನ ಕಟ್ಟೆಗೆ ಹೋಯಿತು. ಹುಡುಗಿ ಹೊರಗೆ ನಗುತ್ತಿದ್ದಳು, ಒಳಗೆ ಬಂದು ನನ್ನ ಹತ್ತಿರ ಕೂರುತ್ತಿದ್ದಳು. "ಆಯಿ, ದೊಡ್ಡಜ್ಜ ಹಿಂಗ ಹೊರಗ ಉಣ್ಣುವಾಗ ನಾ ಯಾವ ಮಾರಿ ಹೊತ್ತು ಹಾಜರಾಗ್ಲಿ?" ಎಂದಳು.

ಹಾಜರಾಗುವ ದಿನ ಅವರ ಕಾಲು ಮುಟ್ಟಿ ಮೊದಲ ಬಸ್ಸಿಗೆ ಹೋದಳು. ಅವರು ಗೋಡೆಯತ್ತ ನೋಡುತ್ತಿದ್ದರು. ನಾನು ಬಸದಿಗೆ ಹೋಗಿ ಬರುವಷ್ಟರಲ್ಲಿ ಭಾವ ಇಲ್ಲ! ತಲೆಗೆ ಸುತ್ತುವ ಪಟಕ ಇಲ್ಲ, ಕೋಲು ಇಲ್ಲ, ಗೂಡಿನಲ್ಲಿದ್ದ ಅರ್ಜಿಯೂ ಇಲ್ಲ. ಅದು ಅವರು ಸ್ವಂತ ಕೈಯಿಂದ ಬರೆದ ಅರ್ಜಿ: ಇಂಗ್ಲಿಷರ ಹೆಸರು ಕಡಿಮೆ ಮಾಡಿ ನಮ್ಮ ಹೆಸರು ಏರಿಸಿದ ದೇಶದ ಉತಾರದ ನಕಲು ಕೊಡಬೇಕು. ಎಷ್ಟೋ ಕಡೆ ಒಯ್ದಿದ್ದರು. ಕೆಲವರು ನಕ್ಕು ಕಳಿಸಿದ್ದರು, ಕೆಲವರು ಬಯ್ದು. ಈಗ ಮೇಲವಂಕಿಯ ದಾರಿಯ ಗೋಕಾಕದ ಬಸ್ಸು ಹತ್ತಿದ್ದನ್ನು ಕಂಡವರಿದ್ದರು.

ಮೊದಲ ದಿನವೇ ಕಚೇರಿಯಲ್ಲಿ ಗದ್ದಲವಾದರೆ ಹುಡುಗಿಯ ಮಾನವೇನಾಗಬೇಕು? ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಹೋಳಿಗೆ ಲಟ್ಟಿಸುತ್ತ, ಬಾಗಿಲು ನೋಡುತ್ತ, ಮೂರು ಹೋಳಿಗೆ ಸುಟ್ಟೆ. ಬಿಸಿಲು ಗೋಡೆ ಏರಿ ತೊಲೆ ಮುಟ್ಟಿದಾಗ ಇಬ್ಬರೂ ಒಂದೇ ಬಸ್ಸಿನಿಂದ ಇಳಿದು ಬಂದರು.

ಹುಡುಗಿಯೇ ಎಲ್ಲ ಹೇಳಿದಳು. ಕಚೇರಿಯೆಂದರೆ ಒಂದು ಕೋಣೆ, ಒಂದು ಮೇಜು, ಒಂದೇ ಖುರ್ಚಿಯಂತೆ. ಮಧ್ಯಾಹ್ನ ಯಾರೋ ಮುದುಕ ಚಪ್ಪಲಿ ದೂರ ಬಿಟ್ಟು, ಪಟಕದ ತುದಿಯಿಂದ ಮುಖ ಮರೆಮಾಡಿಕೊಂಡು ಬಿಸಿಲಲ್ಲೇ ನಿಂತು, ಕೈ ಮಾತ್ರ ಒಳಗೆ ಚಾಚಿ "ಬಾಯಾರ, ನಂದೊಂದು ಅರ್ಜಿ ಐತ್ರಿ" ಎಂದನಂತೆ. ಕೆಮ್ಮಿನಲ್ಲೇ ಗುರುತು ಸಿಕ್ಕಿತು. ಆದರೆ ಅವರು ಅಜ್ಜನಾಗಿ ಬಂದಿಲ್ಲ ಎಂಬುದೂ ತಿಳಿಯಿತು. ಒಳಗೆ ಕರೆದು ತನ್ನ ಖುರ್ಚಿಯಲ್ಲಿ ಕೂರಿಸಿ, ತಾನು ನಿಂತು ಓದಿದಳು. ಸುತ್ತಲಿದ್ದವರು ನಕ್ಕರು. ಅವಳು ನಗಲಿಲ್ಲ. ಬಂದ ಅರ್ಜಿಗಳ ಆವಕ ಪುಸ್ತಕದಲ್ಲಿ ಬರೆದುಕೊಂಡು, ಅರ್ಜಿ ಮುಟ್ಟಿದ್ದಕ್ಕೆ ಶಿಕ್ಕೆ ಒತ್ತಿ ಚೀಟಿ ಕೊಟ್ಟಳು.

"ಉತ್ತರ ಕೊಡೂದು ನನ್ನ ಕೈಯಾಗ ಇಲ್ರಿ ಅಜ್ಜಾರ. ಮ್ಯಾಲ ಕಳಸ್ತೇನಿ. ಹೊತ್ತ ಹಿಡೀತೈತಿ."

"ಹಿಡೀಲಿ. ಐವತ್ತ ವರ್ಷ ತಡದೇನಿ, ಇನ್ನ ಎಂಟ ದಿನ ತಡೀತೇನಿ."

ನಾವೆಲ್ಲ ನಕ್ಕೆವು. ಭಾವ ಕಟ್ಟೆಯ ಮೇಲೆ ಕೂತು ಆ ಚೀಟಿಯನ್ನೇ ನೋಡುತ್ತಿದ್ದರು. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದರು.

"ನಮ್ಮಪ್ಪ ಇಂಗ್ಲಿಷರ ಕಚೇರಿ ಮುಂದ ಮೂರ ದಿನ ನಿಂತಿದ್ದ. ಹೊಲ ನಮ್ದು, ಉತಾರದಾಗ ಬ್ಯಾರೆ ಯಾರದೋ ಹೆಸರ ಏರಿತ್ತು. ಪಟಕ ತಗದು ಬಗಲಾಗ ಹಿಡಕೊಂಡು ನಿಂತಿದ್ದ. ನಾ ಬಾಜೂಕ ಇದ್ನಿ. ಅರ್ಜಿ ಯಾರೂ ಕೈಯಾಗ ಹಿಡೀಲಿಲ್ಲ. ಹೊಲಾ ಹೋತು." ಚೀಟಿ ಮಡಚಿ ಕಿಸೆಗಿಟ್ಟು, "ಈಕಿ ಹಿಡದ್ಲು" ಎಂದರು.

ಯಜಮಾನರು ಅಣ್ಣನ ಮುಖ ನೋಡುತ್ತ ಕೂತುಬಿಟ್ಟರು. ಅವರು ಆಗಿನ್ನೂ ಹುಟ್ಟಿರಲಿಲ್ಲ. ಈ ಮಾತು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಭಾವ ತಮ್ಮ ತಾಟನ್ನು ತಾವೇ ಎತ್ತಿಕೊಂಡು ಒಳಗೆ ಬಂದರು. ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡರು. ಯಜಮಾನರು, ಮಗ ಕೂತರು. ನಾನೂ ಸೊಸೆಯೂ ಬಡಿಸಲು ಬಾಗಿದೆವು. ಆಗ ಭಾವ ತಲೆಯೆತ್ತಿದರು.

"ನೀವ್ಯಾಕ ನಿಂತೀರಿ? ಎಲ್ಲಾ ನಡುವ ಇಡ್ರಿ. ಕೂಡವಾ, ನೀನೂ ಕೂಡು."

ಈ ಮನೆಗೆ ಸೊಸೆಯಾಗಿ ಬಂದು ನಲವತ್ತೈದು ವರ್ಷ. ಗಂಡಸರು ಉಂಡೆದ್ದ ಮೇಲೆಯೇ ನನ್ನ ಊಟ. ಭಾವ ನನಗೇ ಎಂದು ನೇರವಾಗಿ ಆಡಿದ ಮೊದಲ ಮಾತು ಅದು. ಕಾಲು ಮಡಚಲು ತಿಳಿಯದವಳಂತೆ ಒಂದು ಗಳಿಗೆ ನಿಂತೇ ಇದ್ದೆ. ಸೊಸೆ ಸೆರಗು ಜಗ್ಗಿ ಕೂರಿಸಿದಳು. ಸಾರಿನ ಪಾತ್ರೆ ಕೈಯಿಂದ ಕೈಗೆ ಹೋಯಿತು. ಭಾವ ಎಲ್ಲರನ್ನೂ ಒಮ್ಮೆ ನೋಡಿ, ತುಪ್ಪದ ಗಿಂಡಿ ಎತ್ತಿ, ನನ್ನ ಹೋಳಿಗೆಯ ಮೇಲೆ ಸುರಿದರು. ಹೊರಗೆ ಇನ್ನೂ ಬೆಳಕಿತ್ತು. ಎಲ್ಲರೂ ಉಣ್ಣತೊಡಗಿದೆವು.