ಅಜ್ಜಿ ಮನೆ ಬಾಗಿಲಿನ ಸ್ಟಾಪು

ಬಸ್ಸು ಜೋರಾಗಿ ಓಡಿಸಿ ದಂಡ ಕಟ್ಟಿದ ಡ್ರೈವರುಗಳು ಬೇಕಾದಷ್ಟು ಜನ ಇದ್ದಾರೆ. ನಾನು ಕಟ್ಟಿದ್ದೆಲ್ಲ ನಿಲ್ಲಿಸಿದ್ದಕ್ಕೆ. ಎಪ್ಪತ್ತರ ದಶಕದ ಕೊನೆಯಲ್ಲಿ ಅಜ್ಜಂಪುರದಿಂದ ತರೀಕೆರೆ ಮೇಲೆ ಕಡೂರಿಗೆ ಹೋಗಿಬರುವ ಖಾಸಗಿ ಬಸ್ಸಿಗೆ ನಾನು ಡ್ರೈವರ್. ಸ್ಟ್ಯಾಂಡು ಬಿಟ್ಟು ಬೇರೆಲ್ಲೂ ಜನ ಹತ್ತಿಸಿಕೊಳ್ಳಬಾರದು ಅಂತ ಪೊಲೀಸರು ಬಿಗಿ ಮಾಡಿದ್ದರು. ನಮ್ಮ ಜನಕ್ಕೋ, ತಾವು ಕೈ ಎತ್ತಿದ ಜಾಗವೇ ಸ್ಟ್ಯಾಂಡು. ಹೀಗಾಗಿ ಇಂಥವು ನಡೆಯುತ್ತಲೇ ಇದ್ದವು.

ಟವೆಲ್ಲು

ಕಡೂರು ಸ್ಟ್ಯಾಂಡು ಬಿಟ್ಟು ತೆಂಗಿನಕಾಯಿ ಮಂಡಿ ಹತ್ತಿರ ನಿಧಾನಕ್ಕೆ ಬರುತ್ತಿದ್ದೆ. ರಸ್ತೆ ಬದಿಯಲ್ಲಿದ್ದ ಒಬ್ಬ ಕಿಟಕಿಯೊಳಗೆ ಟವೆಲ್ ಎಸೆದ. ಅದು ಖಾಲಿ ಸೀಟಿನ ಮೇಲೆ ಬಿತ್ತು.

"ಸೀಟು ಹಿಡಿದಿದೀನಿ, ನಿಲ್ಸಪ್ಪೋ!" ಎಂದು ಹಿಂದೆ ಓಡಿಬಂದ.

ಟವೆಲ್ ಹಾಕಿದವನದ್ದೇ ಸೀಟು ಎಂಬುದು ಬಸ್ಸಿನಲ್ಲಿ ಯಾರೂ ಮೀರದ ಕಾನೂನು. ಒಳಗಿದ್ದವರೆಲ್ಲ ಅವನ ಪರ ಕೂಗಿದರು. ನಿಲ್ಲಿಸಿದೆ. ಅವನ ಹಿಂದೆಯೇ ಕಾನ್‌ಸ್ಟೇಬಲ್ ಬಂದ.

ಟವೆಲ್ಲಿನವನು ನನ್ನ ಪರ ವಾದಕ್ಕೆ ನಿಂತ: "ಡ್ರೈವರ್ದೇನೂ ತಪ್ಪಿಲ್ಲ ಸ್ವಾಮಿ. ಬಸ್ಸು ಓಡ್ತಿದ್ದಾಗ್ಲೇ ನನ್ ಟವೆಲ್ ಹತ್ಕೊಂಡಿತ್ತು. ನಾನು ಅದರ ಜೊತೆಗೆ ಬಂದೋನು, ಅಷ್ಟೇಯ."

ಕಾನ್‌ಸ್ಟೇಬಲ್ ದಂಡ ಹಾಕಿ, ಲೈಸೆನ್ಸಿನ ಮೇಲೂ ಬರೆದ. ಬಸ್ಸಿನ ಯಜಮಾನರು ನನ್ನನ್ನು ಕರೆದು ಹೇಳಿದರು: "ಇನ್ನೊಂದು ಸಲ ಬಿತ್ತೋ, ನಿನ್ ಲೈಸೆನ್ಸ್ ಹೋಗ್ತದೆ. ಲೈಸೆನ್ಸ್ ಹೋದ್ರೆ ಕೆಲಸಾನೂ ಹೋಯ್ತು ಅಂತ ತಿಳ್ಕೋ." ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಸ್ಟೇರಿಂಗ್ ತಿರುಗಿಸುವುದು ಬಿಟ್ಟರೆ ನನಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಬುಟ್ಟಿ

ಅಜ್ಜಂಪುರದ ಪೇಟೆ ತಿರುವಿನಲ್ಲಿ ಹೂವಿನಜ್ಜಿಯ ಮನೆ. ದಿನಾ ಬುಟ್ಟಿ ತುಂಬ ಹೂವು ಹೊತ್ತು ತರೀಕೆರೆಗೆ ಬರುತ್ತಿದ್ದಳು. ಅವಳ ಬಾಗಿಲಲ್ಲಿ ನಿಲ್ಲಿಸದೆ ಹೋದರೆ ಅವಳು ಬಯ್ಯುತ್ತಿರಲಿಲ್ಲ, ಮಾರನೇ ದಿನ ನನ್ನನ್ನು ಮಾತಾಡಿಸುತ್ತಿರಲಿಲ್ಲ. ಬೈಸಿಕೊಳ್ಳುವುದೇ ವಾಸಿ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಅಜ್ಜಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಾಳೆ, ಅಲ್ಲಿನ ಕಾನ್‌ಸ್ಟೇಬಲ್ ಪ್ರತ್ಯಕ್ಷ. ಒಳಗಿದ್ದವರು ಒಂದೇ ದನಿಯಲ್ಲಿ ಅಂದರು: "ಅಜ್ಜಿ ಹತ್ತುತಾ ಇಲ್ಲ ಸ್ವಾಮಿ, ಇಳೀತಾ ಇದಾಳೆ!"

"ಇಳಿಸೋಕೆ ಅಡ್ಡಿಯಿಲ್ಲ. ಇಳೀಲಿ," ಎಂದು ಅವನು ಅಲ್ಲೇ ನಿಂತ.

ಅಜ್ಜಿ ಇಳಿದಳು. ಇಳಿದ ಮೇಲೆ ಹತ್ತುವಂತಿಲ್ಲ. ಬುಟ್ಟಿ ಹೊತ್ತು, ಪೇಟೆ ಕೊನೆಯಲ್ಲಿದ್ದ ಮುಂದಿನ ಸ್ಟ್ಯಾಂಡಿನ ಕಡೆ ನಡೆಯತೊಡಗಿದಳು. ಅವಳ ಹಿಂದೆ ಅವಳಷ್ಟೇ ನಿಧಾನವಾಗಿ ನನ್ನ ಬಸ್ಸು. ಪೇಟೆಯವರೆಲ್ಲ ಅಂಗಡಿಯಿಂದ ಹೊರಗೆ ಬಂದು ನೋಡಿದರು. ನಾಚಿಕೆ ತಡೆಯಲಾರದೆ ಕಾನ್‌ಸ್ಟೇಬಲ್ಲೇ ಬುಟ್ಟಿ ಇಸಿದುಕೊಂಡು ತಲೆ ಮೇಲಿಟ್ಟುಕೊಂಡ. ಸ್ಟ್ಯಾಂಡಿನಲ್ಲಿ ಅಜ್ಜಿಯನ್ನೂ ಬುಟ್ಟಿಯನ್ನೂ ಕಾನೂನು ಪ್ರಕಾರ ಹತ್ತಿಸಿದ.

ಅಜ್ಜಿ ಕಿಟಕಿಯಿಂದ ಹೇಳಿದಳು: "ನಾಳೆ ಒಸಿ ಬೇಗ ಬಂದ್ಬಿಡು ಮಗಾ. ಸೋಮವಾರ, ಹೂವು ಜಾಸ್ತಿ ಇರ್ತದೆ."

ಹುಣಸೆಹಣ್ಣು

ಅದಾಗಿ ಕೆಲವೇ ದಿನಕ್ಕೆ ಅದೇ ಪೇಟೆಯಲ್ಲಿ ಒಬ್ಬ ಹೆಂಗಸು ಸೆರಗು ಹಿಡಿದುಕೊಂಡು ಕೈ ಬೀಸುತ್ತ ಓಡಿಬಂದಳು. ನಾನು ನಿಲ್ಲಿಸಲಿಲ್ಲ. "ಪಾಪ ಕಣ್ರೀ, ಹೆಣ್ಣೆಂಗಸು!" ಎಂದು ಬಸ್ಸಿಗೆ ಬಸ್ಸೇ ಗದ್ದಲ ಎಬ್ಬಿಸಿತು. ಮನಸ್ಸು ತಡೆಯದೆ ಬ್ರೇಕ್ ಒತ್ತಿದೆ. ಆಕೆ ಹತ್ತಲಿಲ್ಲ. ಒಳಗೆ ಕೂತಿದ್ದ ಗಂಡನಿಗೆ ಕಿಟಕಿಯಲ್ಲಿ, "ಬರ್ತಾ ಹುಣಸೆಹಣ್ಣು ತನ್ನಿ, ಮರೀಬ್ಯಾಡಿ" ಅಂದು ಹಿಂದಿರುಗಿದಳು.

ಕಾನ್‌ಸ್ಟೇಬಲ್ ಬಂದೇಬಿಟ್ಟ. "ಯಾರೂ ಹತ್ತಿಲ್ವಲ್ಲ ಸ್ವಾಮಿ," ಅಂದೆ.

"ಹತ್ತಿದ್ರೆ ಒಂದು ಕಾರಣಾನಾದ್ರೂ ಇರೋದು. ಸುಮ್‌ಸುಮ್ನೆ ನಿಲ್ಸಿದ್ಯಲ್ಲಪ್ಪ, ಅದು ಇನ್ನೂ ತಪ್ಪು," ಎಂದು ಕೇಸು ಬರೆದ.

ಸಾಕ್ಷಿ

ಕೇಸು ತರೀಕೆರೆ ಕೋರ್ಟಿಗೆ ಹೋಯಿತು. "ನೀನು ಎಲ್ಲೆಂದರಲ್ಲಿ ನಿಲ್ಲಿಸೋನಲ್ಲ ಅಂತ ಹೇಳೋರು ಯಾರಾದ್ರೂ ಬೇಕು," ಅಂದರು ವಕೀಲರು. ನನಗೆ ಹೂವಿನಜ್ಜಿ ನೆನಪಾದಳು. ಕೇಳಿದ ಕೂಡಲೇ, "ನಿನ್ನ ಕೈಬಿಡ್ತೀನಾ ಮಗಾ?" ಎಂದು ಒಪ್ಪಿದಳು.

ಕೋರ್ಟಿನ ದಿನ ಹಿಂದಿನ ಬೆಂಚಿನಲ್ಲಿ ನಮ್ಮ ಯಜಮಾನರೂ ಬಂದು ಕೂತಿದ್ದರು, ನನ್ನ ಕೆಲಸದ ತೀರ್ಮಾನ ಅಲ್ಲೇ ಮಾಡಿಬಿಡೋಣ ಎಂದು.

ನ್ಯಾಯಾಧೀಶರು ಕೇಳಿದರು: "ಅಜ್ಜಿ, ಈ ಡ್ರೈವರ್ ಕಂಡಕಂಡ ಕಡೆ ಬಸ್ ನಿಲ್ಲಿಸ್ತಾನಾ?"

"ಸುಳ್ಳು, ಬುದ್ಧಿ! ಬಂಗಾರದಂಥ ಹುಡುಗ. ಕಂಡಕಂಡ ಕಡೆ ಯಾಕೆ ನಿಲ್ಲಿಸ್ತಾನೆ? ನಮ್ಮನೆ ಬಾಗಿಲಲ್ಲಿ ಮಾತ್ರ."

ವಕೀಲರು ಕೆಮ್ಮಿದರು. ಅಜ್ಜಿಗೆ ಅದು ಇನ್ನೂ ಹೇಳು ಎಂಬ ಸನ್ನೆಯಾಗಿ ಕಂಡಿತು.

"ಇವತ್ತೇ ನೋಡಿ ಬುದ್ಧಿ. ಸಾಕ್ಷಿ ಹೇಳೋಕೆ ಹೊರಟಿದೀನಿ, ಇನ್ನೂ ಹೂವು ಕಟ್ಟಿ ಮುಗಿದಿರ್ಲಿಲ್ಲ. ಮುಗಿಯೋಗಂಟ ಬಸ್ಸು ನಿಲ್ಲಿಸ್ಕೊಂಡು ಕಾದ. ಬೇರೆ ಯಾವೋನು ಕಾಯ್ತಾನೆ, ಹೇಳಿ?"

ನ್ಯಾಯಾಧೀಶರು ಮುಖದ ಮುಂದೆ ಕಾಗದ ಹಿಡಿದುಕೊಂಡರು. ಕಾಗದ ಅಲುಗಾಡುತ್ತಿತ್ತು. ನನ್ನ ಲೈಸೆನ್ಸು ಒಂದು ತಿಂಗಳು ಅಮಾನತ್ತಾಯಿತು. ಯಜಮಾನರು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ತಿಂಗಳು ಕಳೆದು ಬಾರಪ್ಪ, ಕೆಲಸ ಎಲ್ಲೂ ಹೋಗಲ್ಲ" ಅಂದರು. ಹೋದ ಜೀವ ಬಂದಂತಾಯಿತು.

ಸಂಜೆ ನಮ್ಮ ಬಸ್ಸನ್ನು ಬೇರೊಬ್ಬ ಡ್ರೈವರ್ ಓಡಿಸಿದ. ಅಜ್ಜಿಯ ಪಕ್ಕದಲ್ಲಿ ನಾನು ಪ್ಯಾಸೆಂಜರ್. ಅವಳ ಮನೆ ಬಂತು. ಅವನು ನಿಲ್ಲಿಸದೆ ನೇರವಾಗಿ ಬಸ್ಸು ಹೊರಡುವ ಸ್ಟ್ಯಾಂಡಿಗೆ ಹೋದ. ಅಜ್ಜಿ ಖಾಲಿ ಬುಟ್ಟಿ ಹಿಡಿದು ಗೊಣಗುತ್ತ ಇಳಿದಳು. ಅವನನ್ನು ಒಮ್ಮೆ ದುರುಗುಟ್ಟಿ ನೋಡಿ, ನನ್ನ ಕಡೆ ತಿರುಗಿದಳು.

"ಇವನ ಕೇಸಿಗೆ ಯಾರು ಹೋಗ್ತಾರೆ? ನಿಂದು ಇನ್ನೊಂದ್ಸಲ ಕೋರ್ಟು ಯಾವತ್ತು ಅಂತ ಹೇಳು ಮಗಾ. ಇವತ್ತು ಅರ್ಧ ಕೂಡ ಹೇಳೋಕಾಗ್ಲಿಲ್ಲ."